ವಿಜ್ಞಾನ ಮೊದಲು, ತಂತ್ರಜ್ಞಾನ ಆಮೇಲೆ ಅನ್ನುವುದು ನಿಜವೇ?

ವಿಜ್ಞಾನಿಗಳು ಕಂಡುಹಿಡಿದದ್ದನ್ನು ಎಂಜಿನಿಯರುಗಳು ಬಳಸುತ್ತಾರೆ, ಇಷ್ಟೇ ತಾನೇ ಎಂದು ಕೇಳಿದ್ದೀರಿ. ವಿದ್ಯುತ್ತಿನ ವಿಷಯದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. 1858ರ ಅಟ್ಲಾಂಟಿಕ್ ಟೆಲಿಗ್ರಾಫ್ ಕೇಬಲ್ಲನ್ನೇ ನೋಡಿ.

ಐರ್ಲೆಂಡಿನಿಂದ ನ್ಯೂಫೌಂಡ್‌ಲೆಂಡ್‌ವರೆಗೆ ಕಡಲ ತಳದಲ್ಲಿ ಸುಮಾರು 2,000 ನಾಟಿಕಲ್ ಮೈಲಿ. ನಡುವೆ ತಾಮ್ರದ ಏಳು ಎಳೆ, ಮೈಲಿಗೆ ಬರೀ 107 ಪೌಂಡ್. ಅದರ ಸುತ್ತ ಗಟ್ಟಾಪರ್ಚಾ ಎಂಬ ಮರದ ಅಂಟಿನ ಹೊದಿಕೆ, ಹೊರಗೆ ಕಬ್ಬಿಣದ ತಂತಿ. ಒಳಗೆ ತಾಮ್ರ, ಹೊರಗೆ ಉಪ್ಪುನೀರು, ನಡುವೆ ಅವಾಹಕ ಇದ್ದಮೇಲೆ ಇಡೀ ಕೇಬಲ್ಲೇ ಒಂದು ಕೆಪಾಸಿಟರ್, ಅಂದರೆ ವಿದ್ಯುದಂಶವನ್ನು ತುಂಬಿಟ್ಟುಕೊಳ್ಳುವ ಸಾಧನ. ಈ ತುದಿಯಲ್ಲಿ ಕೊಟ್ಟ ಚುರುಕು ಮಿಡಿತ ಆ ತುದಿ ಮುಟ್ಟುವಷ್ಟರಲ್ಲಿ ಹರಡಿ ಮಂಕಾಗಿರುತ್ತದೆ. ಅವಸರದಲ್ಲಿ ಮುಂದಿನ ಅಕ್ಷರ ಕಳಿಸಿದರೆ ಎರಡೂ ಕಲಸುಮೇಲೋಗರ. ಉದ್ದ ಎರಡರಷ್ಟಾದರೆ ಈ ವಿಳಂಬ ನಾಲ್ಕರಷ್ಟಾಗುತ್ತದೆ ಎಂದು ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಮೊದಲೇ ಲೆಕ್ಕ ಹಾಕಿ ತೋರಿಸಿದ್ದರು.

ಕೇಬಲ್ ಹಾಕಿದ ಕಂಪನಿಯ ಎಲೆಕ್ಟ್ರೀಷಿಯನ್ ವೈಲ್ಡ್‌ಮನ್ ವೈಟ್‌ಹೌಸ್ ಅದನ್ನು ನಂಬಲಿಲ್ಲ. ಆತ ಮೂಲತಃ ಶಸ್ತ್ರವೈದ್ಯ. ವೋಲ್ಟೇಜ್ ಏರಿಸುವ ಇಂಡಕ್ಷನ್ ಕಾಯಿಲ್‌ನಿಂದ ಸುಮಾರು 2,000 ವೋಲ್ಟ್ ಹಾಯಿಸಿದ. ತಾಮ್ರ ನಡುವಿನಿಂದ ಸರಿದು ಹೊದಿಕೆ ತೆಳುವಾಗಿದ್ದ ಕಡೆ ಕೇಬಲ್ ಮೊದಲೇ ದುರ್ಬಲವಾಗಿತ್ತು, ಈ ಹೊಡೆತ ತಾಳಲಿಲ್ಲ. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶಕ್ಕೆ 16 ಗಂಟೆ ಹಿಡಿಯಿತು. ಸುಮಾರು ಮೂರು ವಾರಕ್ಕೆ ಕೇಬಲ್ಲೇ ಸತ್ತಿತು.

ಥಾಮ್ಸನ್ ದಾರಿಯೇ ಬೇರೆ. ವೋಲ್ಟೇಜ್ ಏರಿಸಬೇಡಿ, ತಾಮ್ರ ದಪ್ಪ ಮಾಡಿ, ಅದರ ಶುದ್ಧತೆ ಪರೀಕ್ಷಿಸಿ, ಬರುವ ಕ್ಷೀಣ ಪ್ರವಾಹವನ್ನೇ ಗುರುತಿಸಿ ಎಂದರು. ಅದಕ್ಕೆಂದೇ ಕನ್ನಡಿ ಗ್ಯಾಲ್ವನೋಮೀಟರ್ ಮಾಡಿದರು. ಪುಟ್ಟ ಕನ್ನಡಿಯ ಬೆನ್ನಿಗೆ ಚೂರು ಅಯಸ್ಕಾಂತ ಅಂಟಿಸಿ, ಕಾಯಿಲ್ ನಡುವೆ ರೇಷ್ಮೆ ಎಳೆಯಲ್ಲಿ ತೂಗುಬಿಡುವುದು. ದೀಪದ ಬೆಳಕು ಕನ್ನಡಿಗೆ ಬಡಿದು ದೂರದ ಅಳತೆಪಟ್ಟಿಯ ಮೇಲೆ ಬೀಳುತ್ತದೆ. ಕನ್ನಡಿ ಕೂದಲೆಳೆಯಷ್ಟು ತಿರುಗಿದರೂ ಬೆಳಕಿನ ಚುಕ್ಕೆ ಎಡಕ್ಕೋ ಬಲಕ್ಕೋ ಸರಿಯುತ್ತದೆ, ಅದನ್ನು ನೋಡಿ ಅಕ್ಷರ ಓದಬೇಕು. 1866ರ ಕೇಬಲ್‌ನಲ್ಲಿ ತಾಮ್ರ ಮೈಲಿಗೆ 300 ಪೌಂಡ್ ಇತ್ತು, ನಿಮಿಷಕ್ಕೆ ಸುಮಾರು ಎಂಟು ಪದ ಹೋಗುತ್ತಿದ್ದವು.

ಇಲ್ಲಿಯವರೆಗೆ ವಿಜ್ಞಾನ ತಂತ್ರಜ್ಞಾನಕ್ಕೆ ಕೊಟ್ಟದ್ದಾಯಿತು. ವಾಪಸ್ ಬಂದದ್ದು ಇನ್ನೂ ದೊಡ್ಡದು ಅನ್ನುತ್ತೇನೆ. ಕೇಬಲ್ ಎಲ್ಲಿ ಕೆಟ್ಟಿದೆ ಎಂದು ದಡದಲ್ಲಿ ಕೂತು ಪತ್ತೆ ಹಚ್ಚಲು ಪ್ರತಿರೋಧ, ಅಂದರೆ ತಂತಿ ಪ್ರವಾಹಕ್ಕೆ ಒಡ್ಡುವ ತಡೆ, ಅಳೆಯಬೇಕು. ಆದರೆ ಒಬ್ಬೊಬ್ಬರದು ಒಂದೊಂದು ಅಳತೆಯ ಮಾನ. ಈ ಗೊಂದಲ ಬಗೆಹರಿಸಲು 1861ರಲ್ಲಿ ವಿಜ್ಞಾನಿಗಳ ಸಂಘವಾದ ಬ್ರಿಟಿಷ್ ಅಸೋಸಿಯೇಷನ್ ಸಮಿತಿ ರಚಿಸಿತು. ಆಮೇಲೆ ಅದಕ್ಕೆ ಸೇರಿದ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್, ತಿರುಗುವ ಕಾಯಿಲ್ ಬಳಸಿ ಆ ಮಾನದ ಬೆಲೆ ನಿಗದಿ ಮಾಡುವ ಕೆಲಸದಲ್ಲಿದ್ದರು. ನಾವು ಇವತ್ತು ಓಮ್ ಅನ್ನುವುದರ ಹಿಂದಿರುವುದು ಅದೇ ಮಾನ. ಅದನ್ನೇ ಆಧಾರವಾಗಿಟ್ಟು 1868ರಲ್ಲಿ ಅವರು ವಿದ್ಯುತ್ತಿನ ಎರಡು ಮಾನಪದ್ಧತಿಗಳ (ಒಂದು ವಿದ್ಯುದಂಶಗಳ ನಡುವಿನ ಬಲದಿಂದ, ಇನ್ನೊಂದು ಪ್ರವಾಹದ ಕಾಂತಬಲದಿಂದ ಅಳೆಯುವಂಥದ್ದು) ಅನುಪಾತ ಅಳೆದರು. ಈ ಅನುಪಾತ ಒಂದು ವೇಗದ ರೂಪದಲ್ಲಿ ಬರುತ್ತದೆ. ಸಿಕ್ಕಿದ್ದು ಸೆಕೆಂಡಿಗೆ ಸುಮಾರು 2,88,000 ಕಿಲೋಮೀಟರ್. ಬೆಳಕಿನ ವೇಗಕ್ಕೆ ಇಷ್ಟು ಹತ್ತಿರ ಬಂದ ಆ ಸಂಖ್ಯೆ, ಬೆಳಕು ವಿದ್ಯುತ್ಕಾಂತೀಯ ಅಲೆ ಎಂಬ ಅವರ ಸಿದ್ಧಾಂತಕ್ಕೆ ಬಲ ಕೊಟ್ಟಿತು.