ಕರೆ ಬಂದಿರುವುದು ನಿಮಗೆ, ಹೊರಡಬೇಕಾದವರು ಮೂವರು

ಪ್ರಶ್ನೆ: ನನಗೆ 32 ವರ್ಷ. ದೇವರು ದಿಂಡರು ಎಂಬ ಗೊಡವೆಯೇ ಇಲ್ಲದೆ ಬೆಳೆದವನು. ಅಪ್ಪ ತೀರಿಕೊಂಡ ಮೇಲೆ ಸ್ನೇಹಿತನೊಬ್ಬ ಕೊಟ್ಟ ಬೈಬಲ್ ಓದತೊಡಗಿದೆ. ಎರಡು ವರ್ಷದ ಹಿಂದೆ ದೀಕ್ಷಾಸ್ನಾನ ಪಡೆದೆ. ಈಗ ಕೆಲಸ ಬಿಟ್ಟು ದೂರದ ನಾಡಿನಲ್ಲಿ ಮಿಷನರಿಯಾಗಿ ಸೇವೆ ಮಾಡಬೇಕೆಂಬ ಕರೆ ಬಲವಾಗಿದೆ. ಹೆಂಡತಿ ವಿಶ್ವಾಸಿಯಲ್ಲ. "ನೀವು ಚರ್ಚಿಗೆ ಹೋಗುವುದಕ್ಕೆ ನಾನು ಅಡ್ಡ ಬಂದಿಲ್ಲ. ನನ್ನನ್ನೂ ಮಗಳನ್ನೂ ಎಲ್ಲಿಗೋ ಎಳೆದುಕೊಂಡು ಹೋಗಬೇಡಿ" ಎನ್ನುತ್ತಾಳೆ. ಅವಳ ಮನಸ್ಸು ಬದಲಾಗಲೆಂದು ಉಪವಾಸ ಪ್ರಾರ್ಥನೆ ಮಾಡುತ್ತಿದ್ದೇನೆ. ದೇವರ ಮಾತು ಕೇಳಲೇ, ಹೆಂಡತಿಯ ಮಾತು ಕೇಳಲೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಹಾಗೆ ಕೇಳಿದರೆ ನಿಮ್ಮ ಹೆಂಡತಿ ಮೊದಲೇ ಸೋತಂತೆ. ಒಂದು ಕಡೆ ದೇವರನ್ನು ನಿಲ್ಲಿಸಿದ ಮೇಲೆ ಇನ್ನೊಂದು ಕಡೆ ಯಾರು ನಿಂತು ಗೆದ್ದಾರು? ಸದ್ಯಕ್ಕೆ ನಿಮ್ಮೆದುರು ಇರುವುದು ದೇವರ ಬಗ್ಗೆ ನೀವು ಮಾಡಿಕೊಂಡ ಗ್ರಹಿಕೆ ಮತ್ತು ನಿಮ್ಮ ಹೆಂಡತಿಯ ಸ್ಪಷ್ಟವಾದ ಮಾತು. ನಿಮ್ಮ ಗ್ರಹಿಕೆ ಸುಳ್ಳು ಎನ್ನುತ್ತಿಲ್ಲ. ಅದನ್ನು ಇನ್ನೂ ಯಾರೂ ಒರೆಗೆ ಹಚ್ಚಿಲ್ಲ, ಅಷ್ಟೆ.

ನಂಬಿಕೆ ಬಂದದ್ದು ನಿಮ್ಮೊಬ್ಬರಿಗೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸೇವೆಗೆ ಹೊರಡುವ ಮಾತು ಬೇರೆ. ನೀವು ಓದುವ ಬೈಬಲನ್ನೇ ತೆಗೆದು ನೋಡಿ. ಮೊದಲು ಕ್ರೈಸ್ತರನ್ನು ಹಿಂಸಿಸುತ್ತಿದ್ದು, ದಮಸ್ಕದ ದಾರಿಯಲ್ಲಿ ಬದುಕು ತಿರುವು ಪಡೆದ ಪೌಲ ತಡಮಾಡದೆ ಸಾಕ್ಷಿ ಹೇಳತೊಡಗಿದ, ನಿಜ. ಆದರೆ ಅಂತಿಯೋಕ್ಯ ಪಟ್ಟಣದ ಕ್ರೈಸ್ತ ಸಭೆ ಉಪವಾಸವಿದ್ದು, ತಲೆಯ ಮೇಲೆ ಕೈಯಿಟ್ಟು ಜೊತೆಗಾರ ಬಾರ್ನಬನನ್ನೂ ಅವನನ್ನೂ ಪ್ರಯಾಣಕ್ಕೆ ಕಳಿಸಿಕೊಟ್ಟದ್ದು ವರ್ಷಗಟ್ಟಲೆ ತಡವಾಗಿ. ಕರೆ ಅವರಿಬ್ಬರಿಗೇ ಬಂದಿದ್ದರೂ ಅದನ್ನು ಕೇಳಿಸಿಕೊಂಡು ಕಳುಹಿಸಿದ್ದು ಇಡೀ ಸಭೆ. ಸಭೆಯ ಮೇಲ್ವಿಚಾರಕ ಹೊಸದಾಗಿ ನಂಬಿದವನಾಗಿರಬಾರದು ಎಂಬ ಎಚ್ಚರಿಕೆ ಪೌಲನ ಶಿಷ್ಯ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಎರಡು ವರ್ಷ ಹೆಚ್ಚೇನಲ್ಲ. ಅದರಲ್ಲೂ ಅಪ್ಪನ ಸಾವಿನ ಬೆನ್ನಿಗೇ ಬಂದ ಎರಡು ವರ್ಷ. ದುಃಖದಲ್ಲಿ ಹುಟ್ಟಿದ ನಂಬಿಕೆ ಗಟ್ಟಿಯಾಗಿರಲಾರದು ಎಂದಲ್ಲ. ದುಃಖದಲ್ಲಿರುವವರಿಗೆ ಎಲ್ಲಿಗಾದರೂ ಹೊರಟುಬಿಡಬೇಕು ಅನ್ನಿಸುವುದೂ ಉಂಟು. ಎರಡನ್ನೂ ನೀವೇ ಬಿಡಿಸಿ ನೋಡಬೇಕು.

ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿಯ ಹೆಸರು ನಿಮಗೆ ಗೊತ್ತಿರುತ್ತದೆ. ಮಿಷನರಿ ಸಭೆಗಳಲ್ಲಿ ಅವನ ಕಥೆ ಕೇಳದವರಿಲ್ಲ. ಆ ಕಥೆಯಲ್ಲಿ ಅವನ ಹೆಂಡತಿ ಡೊರೊತಿಯ ಪಾಲು ಮಾತ್ರ ಬೇಗ ಮುಗಿದುಹೋಗುತ್ತದೆ. 1793ರಲ್ಲಿ ಅವನು ಇಂಗ್ಲೆಂಡಿನಿಂದ ಬಂಗಾಳಕ್ಕೆ ಹೊರಟಾಗ ಆಕೆ ತುಂಬು ಗರ್ಭಿಣಿ, ಬರುವುದಿಲ್ಲ ಎಂದಳು. ಹಿರಿಯ ಮಗನನ್ನು ಕರೆದುಕೊಂಡು ಅವನು ಹೊರಟೇಬಿಟ್ಟ. ಪ್ರಯಾಣ ತಡವಾಯಿತು, ಅಷ್ಟರಲ್ಲಿ ಹೆರಿಗೆಯೂ ಆಯಿತು. ಮತ್ತೆ ಒತ್ತಾಯ ನಡೆಯಿತು. ತಂಗಿ ಜೊತೆಗೆ ಬರುವುದಾದರೆ ಬರುತ್ತೇನೆಂದು ಆಕೆ ಒಪ್ಪಿದಳು. ಮರುವರ್ಷ ಪುಟ್ಟ ಮಗ ಪೀಟರ್ ಬಂಗಾಳದಲ್ಲಿ ತೀರಿಕೊಂಡ. ಡೊರೊತಿಯ ಮನಸ್ಸು ಕದಡಿಹೋಯಿತು, ಮತ್ತೆ ಸರಿಯಾಗಲೇ ಇಲ್ಲ. 1807ರಲ್ಲಿ ಬಂಗಾಳದ ಸೇರಾಂಪುರದಲ್ಲಿ ಸತ್ತಳು. ಕೇರಿ ಮಾಡಿದ ಅನುವಾದಗಳು, ಕಟ್ಟಿದ ಕಾಲೇಜು ದೊಡ್ಡವೇ. ಅವುಗಳ ಬೆಲೆಯ ಒಂದು ಪಾಲನ್ನು ಆಕೆ ತೆತ್ತಳು, ಯಾರೂ ಅವಳನ್ನು ಕೇಳಿ ತೆರಿಸಲಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಆಗುತ್ತದೆ ಎಂದು ಹೆದರಿಸುತ್ತಿಲ್ಲ. ಒತ್ತಾಯಕ್ಕೆ ಸಿಕ್ಕ ಒಪ್ಪಿಗೆಯನ್ನು ಒಪ್ಪಿಗೆ ಎಂದು ಎಣಿಸಬೇಡಿ ಎನ್ನುತ್ತಿದ್ದೇನೆ.

ನಿಮ್ಮ ಉಪವಾಸದ ಬಗ್ಗೆಯೂ ಒಂದು ಮಾತು, ಒರಟಾಗಿದ್ದರೆ ಸಹಿಸಿಕೊಳ್ಳಿ. ಅವಳ ಮನಸ್ಸು ಬದಲಾಗಲಿ ಎಂದು ಬೇಡುತ್ತಿದ್ದೀರಿ. ನಿಮ್ಮ ಮನಸ್ಸೂ ಬದಲಾಗಬಹುದು ಎಂಬ ಜಾಗ ಆ ಪ್ರಾರ್ಥನೆಯಲ್ಲಿದೆಯೇ? ಅವಳಿಗೆ ಏನು ಭಯ ಎಂದು ಎದುರು ಕೂತು ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ. ಅವಿಶ್ವಾಸಿಯಾದ ಹೆಂಡತಿ ಜೊತೆಗಿರಲು ಒಪ್ಪಿದರೆ ಅವಳನ್ನು ಬಿಡಬಾರದೆಂದು ಕೊರಿಂಥದ ಸಭೆಯವರಿಗೆ ಪೌಲನೇ ಬರೆದಿದ್ದಾನೆ. ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯವನ್ನೂ ಓದಿ. ದೆವ್ವದ ಕಾಟದಿಂದ ಬಿಡುಗಡೆಯಾದವನು ಯೇಸುವಿನ ಜೊತೆ ದೋಣಿ ಹತ್ತುತ್ತೇನೆಂದು ಬೇಡಿಕೊಳ್ಳುತ್ತಾನೆ. ಯೇಸು ಒಪ್ಪುವುದಿಲ್ಲ, ಮನೆಗೆ, ನಿನ್ನವರ ಹತ್ತಿರ ಹೋಗಿ ನಡೆದದ್ದನ್ನು ಹೇಳು ಎಂದು ಕಳಿಸುತ್ತಾನೆ. ಅದೂ ಕರೆಯೇ.

ರಾಜೀನಾಮೆಯನ್ನು ಸದ್ಯಕ್ಕೆ ಬದಿಗಿಡಿ. ಪೌಲ ಗುಡಾರ ಹೊಲಿದು ಸಂಪಾದಿಸುತ್ತಲೇ ಬೋಧಿಸಿದ, ಕೇರಿ ಕೂಡ ಮೊದಲ ವರ್ಷಗಳಲ್ಲಿ ನೀಲಿ ಬಣ್ಣ (ಇಂಡಿಗೊ) ತಯಾರಿಸುವ ಕಾರ್ಖಾನೆ ನೋಡಿಕೊಂಡಿದ್ದ. ನಿಮ್ಮ ಸಭೆಯಲ್ಲೇ ಯಾರಿಗೂ ಬೇಡವಾದ ಒಂದು ಕೆಲಸ ಹಿಡಿದುಕೊಳ್ಳಿ: ಹಾಸಿಗೆ ಹಿಡಿದವರನ್ನು ನೋಡಿಬರುವುದು, ಕುರ್ಚಿ ಜೋಡಿಸುವುದು, ಏನಾದರೂ. ಚಪ್ಪಾಳೆಯಿಲ್ಲದ ಕೆಲಸದಲ್ಲೂ ಉತ್ಸಾಹ ಉಳಿಯುತ್ತದೆಯೇ ನೋಡಿ. ನಿಮ್ಮನ್ನು ಹೊಗಳುವ ಸ್ನೇಹಿತರನ್ನು ಬಿಟ್ಟು, ನಿಮ್ಮ ಸಿಟ್ಟು ಸೆಡವು ಬಲ್ಲ ಹಿರಿಯ ವಿಶ್ವಾಸಿಯೊಬ್ಬರ ಅಭಿಪ್ರಾಯ ಕೇಳಿ. ಮಿಷನ್ ಸಂಸ್ಥೆಗೆ ಬರೆಯುವುದಾದರೆ ಸಂಬಳ ಅವರೇ ಕೊಡುತ್ತಾರೋ, ಬೆಂಬಲಿಗರನ್ನು ನೀವೇ ಹುಡುಕಿಕೊಳ್ಳಬೇಕೋ, ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ, ಮಗಳ ಓದು ಏನಾಗುತ್ತದೆ ಎಂದು ಲಿಖಿತವಾಗಿ ಕೇಳಿ. 1865ರಲ್ಲಿ ಇಂಗ್ಲಿಷ್ ಮಿಷನರಿ ಹಡ್ಸನ್ ಟೇಲರ್ ಕಟ್ಟಿದ ಚೀನಾ ಇನ್‌ಲ್ಯಾಂಡ್ ಮಿಷನ್ ನಿಗದಿತ ಸಂಬಳದ ಭರವಸೆ ಕೊಡುತ್ತಿರಲಿಲ್ಲ. ಹೋದವರು ಅದನ್ನು ತಿಳಿದೇ ಹೋದರು. ಹಲವು ಸಂಸ್ಥೆಗಳು ಗಂಡ ಹೆಂಡತಿ ಇಬ್ಬರ ಒಪ್ಪಿಗೆಯನ್ನೂ ಕೇಳುತ್ತವೆ. ಕೇಳದ ಸಂಸ್ಥೆಯ ಬಗ್ಗೆ ಎಚ್ಚರವಿರಲಿ.

ಈ ಉತ್ತರವನ್ನು ಮುಚ್ಚಿಡದೆ ನಿಮ್ಮ ಹೆಂಡತಿಯವರಿಗೂ ಓದಲು ಕೊಡಿ. ನಾನು ತಪ್ಪು ತಿಳಿದಿದ್ದೇನೆ ಅನ್ನಿಸಿದರೆ, ಅಥವಾ ನೀವು ಬರೆಯದೆ ಬಿಟ್ಟದ್ದು ಏನಾದರೂ ಇದ್ದರೆ, ಮುಂದಿನ ಪತ್ರ ಅವರೇ ಬರೆಯಲಿ.