"ಕೈ ಚೆನ್ನಾಗಿದೆ, ಹೈಟ್ ಇಲ್ಲ": ಜಿಲ್ಲಾ ತಂಡದಿಂದ ಬಿಟ್ಟ ಹುಡುಗನ ಪ್ರಕರಣ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದೆ.)

ಮನು ಒಂಬತ್ತನೇ ತರಗತಿ ಹುಡುಗ, ವಯಸ್ಸು 14 ವರ್ಷ 2 ತಿಂಗಳು. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ರೇಷ್ಮೆ ಸಾಕಣೆ, ಎರಡು ಸೀಮೆಹಸು. ತಾಲ್ಲೂಕು ಮಟ್ಟದ ವಾಲಿಬಾಲ್‌ನಲ್ಲಿ ಚೆನ್ನಾಗಿ ಆಡಿದವನನ್ನು ಜಿಲ್ಲಾ ತಂಡದ ಆಯ್ಕೆಯಲ್ಲಿ ಬಿಟ್ಟರು. "ಕೈ ಚೆನ್ನಾಗಿದೆ, ಹೈಟ್ ಇಲ್ಲ" ಎಂದರಂತೆ, ಅದೂ ಎಲ್ಲರೆದುರು. ಅಂದಿನಿಂದ ಅವನು ಮೈದಾನಕ್ಕೆ ಹೋಗಿಲ್ಲ. ಹುಣಸೆ ಕೊಂಬೆಗೆ ಜೋತುಬೀಳುವುದು, ಆನ್‌ಲೈನಲ್ಲಿ ತರಿಸಿದ ಎತ್ತರದ ಪುಡಿ ಕುಡಿಯುವುದು, ರಾತ್ರಿ ಒಂದರವರೆಗೆ ಅದೇ ವಿಡಿಯೊ ನೋಡುವುದು.

ಮನೆಯವರು ಅವನನ್ನು ಸಲಹೆಗೆಂದು ನಮ್ಮ ಬಳಿ ಕರೆತಂದಾಗ ತಂದೆಯ ಪ್ರಶ್ನೆಯೇ ಬೇರೆ ಇತ್ತು. "ಎಲ್ರೂ ಮಾಡಿಸ್ತಾರೆ ಮೇಡಂ. ಜನನ ಪತ್ರದಲ್ಲಿ ಒಂದು ವರ್ಷ ಕಮ್ಮಿ ಮಾಡಿಸಿದ್ರೆ ಚಿಕ್ಕೋರ ಜೊತೆ ಆಡ್ತಾನಲ್ಲ?" ಇದನ್ನು ಕೇಳುವಾಗ ಹುಡುಗ ತಲೆ ಎತ್ತಲಿಲ್ಲ.

ಮೊದಲು ಲೆಕ್ಕ ನೋಡಿದೆವು. ಮನು ಹುಟ್ಟಿದ್ದು ನವೆಂಬರಿನಲ್ಲಿ. ಆಯ್ಕೆ ನಡೆದಾಗ ಅವನಿಗೆ 14 ತುಂಬಿರಲಿಲ್ಲ. ಆದರೂ ವಯಸ್ಸನ್ನು ಡಿಸೆಂಬರ್ 31ಕ್ಕೆ ಲೆಕ್ಕ ಹಾಕಿದ್ದರಿಂದ 17ರೊಳಗಿನವರ ಗುಂಪಿಗೆ ಬಿದ್ದ. ಪಕ್ಕದಲ್ಲಿ ನಿಂತವರಲ್ಲಿ ಕೆಲವರು ಎರಡೂವರೆ ವರ್ಷ ದೊಡ್ಡವರು, ಮೀಸೆ ಬಂದವರು. ಅವನ ಎತ್ತರ 151 ಸೆಂ.ಮೀ., ತೂಕ 39 ಕೆ.ಜಿ. ಶಾಲೆಯ ಆರೋಗ್ಯ ತಪಾಸಣೆಯ ದಾಖಲೆಯಂತೆ ಹಿಂದಿನ ವರ್ಷ ಬೆಳೆದದ್ದು 5 ಸೆಂ.ಮೀ. ಮಾತ್ರ. ಗಂಡುಮಕ್ಕಳು ಒಮ್ಮೆಲೇ ಎತ್ತರವಾಗುವ ಕಾಲ ಸಾಮಾನ್ಯವಾಗಿ ಹದಿಮೂರೂವರೆ, ಹದಿನಾಲ್ಕರ ಆಸುಪಾಸು. ಆಗ ವರ್ಷಕ್ಕೆ 9–10 ಸೆಂ.ಮೀ. ಏರುತ್ತಾರೆ. ಮನುವಿಗೆ ಅದು ಇನ್ನೂ ಬಂದಿಲ್ಲ. ತಂದೆ 171, ತಾಯಿ 157. ಎರಡನ್ನೂ ಕೂಡಿಸಿ, 13 ಸೇರಿಸಿ, ಅರ್ಧ ಮಾಡಿದರೆ 170.5. ಇದು ಅವನು ಪೂರ್ತಿ ಬೆಳೆದ ಮೇಲಿನ ಎತ್ತರದ ಅಂದಾಜು ಅಷ್ಟೇ, ಎಂಟೊಂಬತ್ತು ಸೆಂ.ಮೀ. ಆಚೀಚೆ ಆಗಬಹುದು. ಆದರೂ ಹುಡುಗ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ಇನ್ನೊಮ್ಮೆ ಕೂಡಿಸಿ ನೋಡಿದ.

14 ತುಂಬಿದರೂ ಪ್ರಾಯದ ಲಕ್ಷಣ ಶುರುವಾಗದಿದ್ದರೆ ವೈದ್ಯರು ನೋಡಲೇಬೇಕು. ಹಾಗಾಗಿ ಮಕ್ಕಳ ವೈದ್ಯರ ಬಳಿ ಕಳಿಸಿದೆವು. ಶುರುವಾಗಿದೆ, ನಿಧಾನ ಅಷ್ಟೇ, ಔಷಧ ಬೇಡ ಎಂದರು. ಪುಡಿ ನಿಲ್ಲಿಸಲು ಹೇಳಿದರು.

ತಂದೆಗೆ ಹೇಳಿದ್ದು: ಹುಟ್ಟಿದ ದಿನಾಂಕ ಒಂದೇ ಕಡೆ ಇರುವುದಿಲ್ಲ. ಶಾಲೆಯ ದಾಖಲಾತಿ ಪುಸ್ತಕ, ಆಧಾರ್, ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಎಲ್ಲವೂ ತಾಳೆಯಾಗಬೇಕು. ಜನನ ಪತ್ರದಲ್ಲಿ ನೋಂದಣಿ ಮಾಡಿಸಿದ ದಿನಾಂಕವೂ ಇರುತ್ತದೆ. ಅನುಭವ ಇರುವ ಆಯ್ಕೆಗಾರರು ಮೊದಲು ನೋಡುವುದೇ ಅದನ್ನು. ವಯಸ್ಸಿನ ವಂಚನೆಗೆ 2010ರಿಂದ ರಾಷ್ಟ್ರೀಯ ಸಂಹಿತೆ ಇದೆ. ಕ್ರಿಕೆಟ್‌ನಲ್ಲಿ 16ರೊಳಗಿನ ಹುಡುಗರ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಮನುವಿನಂತೆ ತಡವಾಗಿ ಬೆಳೆಯುವವನು ಎಕ್ಸ್‌ರೇಯಲ್ಲಿ ಪಾರಾದರೂ ಆಗಬಹುದು, ಸಿಕ್ಕಿಬೀಳುವುದು ಕಾಗದದಲ್ಲಿ. ಸಿಕ್ಕಿಬಿದ್ದರೆ ಆಡದಂತೆ ನಿಷೇಧ ಬೀಳುವುದು ಹುಡುಗನ ಮೇಲೆ. ಈ ಮಾತಿಗೆ ತಂದೆ ಸುಮ್ಮನಾದರು, ಒಪ್ಪಿದರು ಎಂದೇನಲ್ಲ.

ಮನೆಗೆ ಮೂರು ಕೆಲಸ ಕೊಟ್ಟೆವು. ಎತ್ತರ ಅಳೆಯುವುದು ಮೂರು ತಿಂಗಳಿಗೊಮ್ಮೆ ಮಾತ್ರ: ಬೆಳಿಗ್ಗೆ ಎದ್ದ ಕೂಡಲೇ, ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆಯ ಮೇಲೆ ರಟ್ಟಿನ ಪುಸ್ತಕ ಅಡ್ಡ ಇಟ್ಟು. ಸಂಜೆಗೆ ಬೆನ್ನುಮೂಳೆ ಕುಗ್ಗಿ ಒಂದು ಸೆಂ.ಮೀ. ಹೆಚ್ಚುಕಡಿಮೆ ಕಳೆಯುತ್ತದೆ, ದಿನಾ ಅಳೆಯುತ್ತಿದ್ದ ಈ ಹುಡುಗ ಅದನ್ನೇ ನೋಡಿ ಅಳುತ್ತಿದ್ದ. ಎರಡನೆಯದು ಊಟ. ಹಾಲು ಅಷ್ಟೂ ಡೈರಿಗೆ ಹೋಗುತ್ತಿತ್ತು. ಅರ್ಧ ಲೀಟರ್ ಮನೆಯಲ್ಲಿ ಉಳಿಸಿ ಎಂದೆವು. ಮುದ್ದೆ ಬಿಟ್ಟು ಪುಡಿ ಕುಡಿಯುತ್ತಿದ್ದವನಿಗೆ, 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ ಎಂದು ತಿಳಿಸಿ ಹುರುಳಿ ಸಾರು, ಮೊಟ್ಟೆ, ಕಡಲೆಕಾಯಿ ಸೇರಿಸಿದೆವು. ಮೂರನೆಯದು, ಹತ್ತಕ್ಕೆ ಮೊಬೈಲ್ ಅಮ್ಮನ ಕೈಗೆ.

ಎರಡು ವಾರ ಕಳೆದರೂ ನಿದ್ದೆ, ಊಟ, ಮಾತು ಸರಿಹೋಗದಿದ್ದರೆ ಕಾಯದೆ ಕರೆತನ್ನಿ, ನಡುರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಎಂದು ತಾಯಿಗೆ ಬೇರೆಯಾಗಿ ಹೇಳಿದೆವು.

ಮನುವಿನ ಅಭ್ಯಾಸ ಪಿ.ಟಿ. ಮೇಷ್ಟ್ರ ಜೊತೆ ಕೂತು ಬದಲಿಸಿದ್ದು. ಸದ್ಯ ಬ್ಲಾಕ್, ಸ್ಮ್ಯಾಷ್ ಹಿಂದಕ್ಕೆ. ಎದುರಾಳಿಯ ಸರ್ವೀಸ್ ತೆಗೆಯುವುದು (ರಿಸೀವ್) ಮುಂದಕ್ಕೆ. ಗೋಡೆಯಿಂದ ಮೂರು ಮೀಟರ್ ನಿಂತು 50 ಅಂಡರ್‌ಹ್ಯಾಂಡ್, 50 ಫಿಂಗರ್ ಪಾಸ್. ಆಮೇಲೆ ಎದುರಾಳಿ ಸರ್ವೀಸ್ ಬಿಡುವಾಗ ಅವನ ಭುಜ ನೋಡಿ ಬಾಲ್ ಎಲ್ಲಿ ಬೀಳುತ್ತದೆ ಎಂದು ಕೂಗಿ ಹೇಳುವುದು. ನೆಗೆತ ವಾರಕ್ಕೆ ಎರಡೇ ದಿನ. ಬೆಳವಣಿಗೆ ಜೋರಾದಾಗ ಮಂಡಿಚಿಪ್ಪಿನ ಕೆಳಗಿನ ಗಂಟು ಒತ್ತಿದರೆ ನೋಯಬಹುದು, ಅಲ್ಲಿಯವರೆಗೆ ಹಿಡಿತದಲ್ಲಿದ್ದ ಕೈಕಾಲು ತಪ್ಪಬಹುದು. ಅದನ್ನು ಸೋಮಾರಿತನ ಎಂದು ಬೈಯದೆ ನೆಗೆತ ಕಮ್ಮಿ ಮಾಡಿ ಎಂದೆವು. ಕುಳ್ಳಗಿದ್ದಾನೆಂದು ಈಗಲೇ ಲಿಬೆರೊ (ಹಿಂದಿನ ಸಾಲಿನಲ್ಲಿ ಬಾಲ್ ತಡೆಯುವುದಕ್ಕಷ್ಟೇ ಇರುವ ಆಟಗಾರ) ಎಂದು ಹಣೆಪಟ್ಟಿ ಹಚ್ಚಬೇಡಿ ಎಂದೂ ಕೇಳಿಕೊಂಡೆವು; 14ಕ್ಕೆ ಎತ್ತರವಿದ್ದವನು ರಿಸೀವ್ ಕಲಿಯದೆ ಉಳಿಯುವುದೂ ಇಂಥದ್ದೇ ಹಣೆಪಟ್ಟಿಯಿಂದ.

ಮೇಷ್ಟ್ರಿಗೆ ಇನ್ನೊಂದು ಸಲಹೆ. ನೆದರ್ಲೆಂಡ್ಸ್‌ನಲ್ಲಿ ಫುಟ್‌ಬಾಲ್ ಆಯ್ಕೆಗಾರರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ದಿನಾಂಕದ ಪಟ್ಟಿ ಕೈಗೆ ಕೊಟ್ಟರೂ ವಯಸ್ಸಿನಲ್ಲಿ ದೊಡ್ಡ ಹುಡುಗರತ್ತಲೇ ವಾಲುವುದು ತಪ್ಪಲಿಲ್ಲ. ಅಂಗಿಯ ನಂಬರನ್ನೇ ವಯಸ್ಸಿನ ಕ್ರಮದಲ್ಲಿ ಕೊಟ್ಟಾಗ ತಪ್ಪಿತು. ತಾಲ್ಲೂಕು ಆಯ್ಕೆಯಲ್ಲಿ ಇದಕ್ಕೆ ಬೇಕಾದದ್ದು ಅಂಗಿಯ ಮೇಲೆ ನಂಬರ್ ಬರೆಯಲು ಸೀಮೆಸುಣ್ಣ ಮತ್ತು ಹತ್ತು ನಿಮಿಷ.

ಎರಡನೇ ಅಳತೆಗೆ ಮನು 155 ಇದ್ದ, ಆರು ತಿಂಗಳಲ್ಲಿ ನಾಲ್ಕು ಸೆಂ.ಮೀ. ಮೈದಾನಕ್ಕೆ ಹೋಗುತ್ತಿದ್ದಾನೆ. ಈ ಸಲದ ಆಯ್ಕೆಗೆ ಹೋಗುವುದೋ, ಒಂದು ವರ್ಷ ಬಿಡುವುದೋ ಎಂಬುದನ್ನು ಅವನಿಗೇ ಬಿಟ್ಟಿದ್ದೇವೆ. ತಂದೆ ಮಾತ್ರ ಪ್ರತಿ ಸಲ ಹೊರಡುವಾಗ, "ಆ ಪತ್ರದ್ದು ಬೇಡ್ವೇ ಬೇಡ ಅಂತೀರಾ?" ಎಂದು ಕೇಳಿಯೇ ಹೋಗುತ್ತಾರೆ.