ಸಾಲು ಯಾವುದು, ಮೊದಲು ಅದನ್ನು ತೋರಿಸಿ

ತತ್ವಶಾಸ್ತ್ರದ ಪುಸ್ತಕ ಓದುವಾಗ 'ಆಳವಾದ' ಪ್ರಶ್ನೆ ಕೇಳೋದು ಹೇಗೆ, ಅದಕ್ಕೂ ಮೊದಲು ಎಷ್ಟು ಹಿನ್ನೆಲೆ ಓದಿಕೊಂಡಿರಬೇಕು ಅಂತ ಕೇಳಿದ್ದೀರಿ. ಹತ್ತು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು.

ಆಗ ನಾವು ಐದಾರು ಜನ ಸೇರಿ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್‌ನ 'ಮೆಡಿಟೇಷನ್ಸ್' ಓದುತ್ತಿದ್ದೆವು. ಎರಡನೇ ಅಧ್ಯಾಯದ ದಿನ ನನ್ನದು ಭರ್ಜರಿ ತಯಾರಿ. 'ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ' ಅನ್ನೋ ಅವನ ಪ್ರಸಿದ್ಧ ಮಾತಿನ ಮೇಲೆ ನಾಲ್ಕು ಲೇಖನ ಓದಿಕೊಂಡು ಹೋಗಿದ್ದೆ. "ಆ 'ಆದ್ದರಿಂದ' ಎಲ್ಲಿಂದ ಬಂತು? ಯೋಚಿಸುವುದೆಲ್ಲ ಇರಲೇಬೇಕು ಅಂತ ಇವನಿಗೆ ಹೇಳಿದ್ದು ಯಾರು?" ಅಂತ ಕೇಳಿ, ಸ್ವಲ್ಪ ಬೀಗಿದೆ ಕೂಡ. ಓದಿಸುತ್ತಿದ್ದ ಮೇಷ್ಟ್ರು "ಯಾವ ಸಾಲು, ತೋರಿಸಿ" ಅಂದರು.

ಪುಟ ತಿರುಗಿಸಿದೆ. ಮತ್ತೆ ತಿರುಗಿಸಿದೆ. ಆ ಅಧ್ಯಾಯದಲ್ಲಿ ಆ ವಾಕ್ಯವೇ ಇಲ್ಲ! ಅದಿರುವುದು 1637ರಲ್ಲಿ ಬಂದ ಅವನದೇ ಇನ್ನೊಂದು ಪುಸ್ತಕ 'ಡಿಸ್ಕೋರ್ಸ್ ಆನ್ ಮೆಥಡ್'ನಲ್ಲಿ. 1641ರ ಈ ಪುಸ್ತಕದಲ್ಲಿ ಅವನು ಹೇಳುವ ರೀತಿಯೇ ಬೇರೆ. 'ನಾನಿದ್ದೇನೆ' ಅನ್ನೋದು, ನಾನು ಅದನ್ನು ಹೇಳಿದಾಗಲೆಲ್ಲ, ಮನಸ್ಸಿನಲ್ಲಿ ಅಂದುಕೊಂಡಾಗಲೆಲ್ಲ ನಿಜ ಅಂತಾನೆ. ನಾನು ಜಗಳಕ್ಕೆ ನಿಂತಿದ್ದ 'ಆದ್ದರಿಂದ' ಅಲ್ಲಿ ಇಲ್ಲವೇ ಇಲ್ಲ.

ಪುಸ್ತಕ ಓದದೆ ಹೋಗಿದ್ದೆ ಅಂದುಕೊಳ್ಳಬೇಡಿ. ಎರಡು ಸಲ ಓದಿದ್ದೆ, ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ. 'ಅಂದುಕೊಂಡಾಗಲೆಲ್ಲ' ಅನ್ನೋ ಪದದ ಕೆಳಗೇ ನನ್ನ ಗೆರೆ ಇತ್ತು ರೀ! ಆದರೆ ಲೇಖನಗಳು ಮೊದಲೇ ತಲೆಯಲ್ಲಿ ಕೂತುಬಿಟ್ಟಿದ್ದವು. ಕಣ್ಣು ಪುಟದ ಮೇಲೆ, ಓದುತ್ತಿದ್ದದ್ದು ಮಾತ್ರ ಲೇಖನದ ವಾಕ್ಯವನ್ನೇ. ಮನೆಗೆ ಬಂದು ಹಳೇ ನೋಟ್‌ಬುಕ್ ತೆಗೆದರೆ, ಒಂದು ವರ್ಷದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲಿಗೆ ತೋರಿಸೋಕೆ ಸಾಲೇ ಇರಲಿಲ್ಲ.

ಅದೇ ದಿನ, ಹಿನ್ನೆಲೆ ಗಿನ್ನೆಲೆ ಏನೂ ಓದದ ಒಬ್ಬಳು ಕೇಳಿದ್ದು ಇಷ್ಟೇ: "ಅಂದುಕೊಂಡಾಗಲೆಲ್ಲ ಸರಿ, ಅಂದುಕೊಳ್ಳದೆ ಇರುವಾಗ?" ಎಲ್ಲರೂ ಗಪ್‌ಚುಪ್. ಕೆಲವೇ ಪ್ಯಾರಾ ಮುಂದೆ ಹೋದರೆ ಡೆಕಾರ್ಟನಿಗೂ ಅದೇ ಅನುಮಾನ. ಯೋಚನೆ ಪೂರ್ತಿ ನಿಂತುಹೋದರೆ ನಾನೂ ಪೂರ್ತಿ ಇಲ್ಲವಾಗಬಹುದೇನೋ ಅಂತಾನೆ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಹಾಗಾಗಿ ಆ 'ಆಳವಾದ' ಅನ್ನೋ ಹಂಬಲವನ್ನೇ ಬಿಟ್ಟುಬಿಡಿ. ಹಿನ್ನೆಲೆ ಆಮೇಲೆ ಓದಿದರಾಯಿತು. ಹಿನ್ನೆಲೆ ಇಲ್ಲದೆ ಓದಿದರೆ ದಾರಿ ತಪ್ಪುತ್ತೆ ಅನ್ನೋರೂ ಇದ್ದಾರೆ. ನನಗಂತೂ ಹಿನ್ನೆಲೆಯೇ ದಾರಿ ತಪ್ಪಿಸಿತು. ಎಡವಿದ ಸಾಲನ್ನು ಪೂರ್ತಿ ಕೈಯಲ್ಲಿ ಬರೆದುಕೊಳ್ಳಿ. ಯಾವ ಪದಕ್ಕೆ ಎಡವಿದಿರಿ, ಅದನ್ನು ತೆಗೆದರೆ ಏನು ಬದಲಾಗುತ್ತೆ ಅಂತ ನೋಡಿ. 1643ರಲ್ಲಿ ಬೊಹಿಮಿಯಾದ ರಾಜಕುಮಾರಿ ಎಲಿಜಬೆತ್ ಡೆಕಾರ್ಟನಿಗೆ ಬರೆದು ಕೇಳಿದ್ದೂ ಇಂಥದ್ದೇ: ಆತ್ಮ ಬರೀ ಯೋಚಿಸುವ ವಸ್ತು ಅಂದಮೇಲೆ ಅದು ದೇಹವನ್ನು ಅಲುಗಾಡಿಸೋದು ಹೇಗೆ? ಆಗ ಅವಳಿಗೆ 24 ವರ್ಷ. ಅವನ ಉತ್ತರ ಸಾಲದೆ ಮತ್ತೆ ಬರೆದು ಕೇಳಿದಳು.

ಅಂದಹಾಗೆ, ಯಾವ ಪುಸ್ತಕ ಓದುತ್ತಿದ್ದೀರಿ ಅಂತಾನೇ ನೀವು ಬರೆದಿಲ್ಲ, ಅಲ್ವಾ? ಎಡವಿದ ಸಾಲು ಹಾಕಿ, ನೋಡೋಣ.